ವಾರ್ಫರಿನ್: ಹೆಸರಿನ ಹಿಂದೆ ಹುಲ್ಲಿನ ವಾಸನೆ

ಹಾರ್ಟ್ ವಾಲ್ವ್ ಬದಲಾಯಿಸಿಕೊಂಡವರು ಮನೆಯಲ್ಲಿದ್ದರೆ ವಾರ್ಫರಿನ್ ಹೆಸರು ಕಿವಿಗೆ ಬಿದ್ದಿರುತ್ತದೆ. ನಮ್ಮ ಮೈಸೂರು, ಮಂಡ್ಯದ ಕಡೆ ಇದಕ್ಕೆ 'ರಕ್ತ ತೆಳು ಮಾಡೋ ಮಾತ್ರೆ' ಅಂತಾರೆ.

ಹೆಸರನ್ನು ಎರಡಾಗಿ ಬಿಡಿಸಬೇಕು: ವಾರ್ಫ್, ಅರಿನ್. ವಾರ್ಫ್ ಅಂದರೆ ಅಮೆರಿಕದ 'ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್' ಎಂಬ ಸಂಸ್ಥೆಯ ಮೊದಲಕ್ಷರಗಳು. ಈ ಸಂಶೋಧನೆಗೆ ದುಡ್ಡು ಕೊಟ್ಟಿದ್ದು ಅದೇ. ಅರಿನ್ ಬಂದಿದ್ದು ಕೌಮರಿನ್ ಎಂಬ ರಾಸಾಯನಿಕದಿಂದ. ಹುಲ್ಲು ಕೊಯ್ದು ಬಾಡಲು ಬಿಟ್ಟಾಗ ಒಂದು ಸಿಹಿ ವಾಸನೆ ಬರುತ್ತದಲ್ವಾ, ಅದರಲ್ಲಿ ಕೌಮರಿನ್ ಪಾಲೂ ಇದೆ.

ಔಷಧಿಗೂ ಹುಲ್ಲಿಗೂ ಏನು ನಂಟು? 1920ರ ದಶಕದಲ್ಲಿ ಕೆನಡಾ, ಅಮೆರಿಕದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ತಿಂದಿದ್ದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು. 1933ರಲ್ಲಿ ಒಬ್ಬ ರೈತ ಹಿಮಬಿರುಗಾಳಿಯಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಆ ಮೇವು, ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ. ಹಸು ಕಟ್ಟಿದವರಿಗೆ ಅವನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ತಂಡ ವರ್ಷಗಟ್ಟಲೆ ಹುಡುಕಿ ಕಾರಣ ಹಿಡಿಯಿತು: ಬೂಷ್ಟು ಬಂದಾಗ ಮೇವಿನ ಕೌಮರಿನ್ ಡೈಕೌಮರಾಲ್ ಆಗುತ್ತದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ಅದೇ ಜಾತಿಯ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಇದನ್ನು ಕೇಳಿ ಹೆದರಿ ಮಾತ್ರೆ ಬಿಡಬೇಡಿ. ಎಷ್ಟು ತಗೊಳ್ಳಬೇಕು ಅನ್ನುವುದರಲ್ಲೇ ಎಲ್ಲ ಇದೆ, ಅದಕ್ಕೇ ಆಗಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸುವುದು.

ನಿಜ ಹೇಳಬೇಕೆಂದರೆ ರಕ್ತ ತೆಳುವಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಮಾತ್ರೆ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಸೊಪ್ಪಿನಲ್ಲಿ ಈ ವಿಟಮಿನ್ ಜಾಸ್ತಿ. ಹಾಗಂತ ಸೊಪ್ಪಿನ ಬಸ್ಸಾರು ಬಿಟ್ಟೇಬಿಡಬೇಕಿಲ್ಲ. ಒಂದು ವಾರ ದಿನಾ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅಂತ ಏರುಪೇರು ಮಾಡಬಾರದು ಅಷ್ಟೆ.

ಇನ್ನು ಕೆಲವರ ಚೀಟಿಯಲ್ಲಿ ಅಸಿನೊಕೌಮರಾಲ್ ಅಂತ ಇರುತ್ತದೆ. ಹೆಸರೊಳಗಿನ 'ಕೌಮರ್' ನೋಡಿ, ಅದೂ ಇದೇ ವಂಶದ್ದು. ಡಾಕ್ಟರು ಒಂದನ್ನು ನಿಲ್ಲಿಸಿ ಇನ್ನೊಂದು ಬರೆದರೆ, ಮನೆಯಲ್ಲಿ ಉಳಿದ ಹಳೇ ಮಾತ್ರೆಯನ್ನು ತೆಗೆದುಬಿಡಿ. ಎರಡನ್ನೂ ಒಟ್ಟಿಗೆ ನುಂಗಿದರೆ ರಕ್ತಸ್ರಾವದ ಅಪಾಯ ಇದೆ.