ಸ್ಕಿನ್ ರಿಸರ್ಫೇಸಿಂಗ್: ಮೊಡವೆ ಗುಳಿಗೂ ಸುಕ್ಕಿಗೂ ಮಾಡುವ ಅಳತೆಯ ಗಾಯ

ಚರ್ಮದ ಮೇಲ್ಭಾಗಕ್ಕೆ ಬೇಕೆಂದೇ, ಅಳತೆಯಿಟ್ಟು ಗಾಯ ಮಾಡಿ, ಅದು ಮಾಯುವಾಗ ಬರುವ ಹೊಸ ಚರ್ಮದಿಂದ ಹಳೆಯ ಗುಳಿ, ಸುಕ್ಕುಗಳನ್ನು ತಗ್ಗಿಸುವ ಚಿಕಿತ್ಸೆಯೇ ಸ್ಕಿನ್ ರಿಸರ್ಫೇಸಿಂಗ್. ಗಾಯ ಮಾಡಲು ಲೇಸರ್ ಬಳಸಬಹುದು, ಆಸಿಡ್ ಬಳಸಬಹುದು, ಸೂಜಿ ಬಳಸಬಹುದು, ಗಿರ್ರನೆ ತಿರುಗುವ ಉಜ್ಜುಚಕ್ರವನ್ನೂ ಬಳಸಬಹುದು. ಜಾಹೀರಾತುಗಳಲ್ಲಿ ‘ಗ್ಲೋ’, ‘ಪಾಲಿಶ್’, ‘ರಿಜುವಿನೇಶನ್’ ಎಂದೆಲ್ಲ ಇರುತ್ತದೆ, ಗಾಯ ಎಂಬ ಮಾತು ಮಾತ್ರ ಕಾಣುವುದಿಲ್ಲ. ಆದರೆ ಲಾಭ, ನೋವು, ಅಪಾಯ, ಎಷ್ಟು ದಿನ ಮನೆಯಲ್ಲಿ ಕೂರಬೇಕು ಎಂಬುದೆಲ್ಲ ತೀರ್ಮಾನವಾಗುವುದು ಆ ಗಾಯ ಎಷ್ಟು ಆಳ, ಎಷ್ಟು ಒತ್ತಾಗಿದೆ ಎಂಬುದರ ಮೇಲೆಯೇ.

ಮುಖದ ಹೊರಚರ್ಮ ಸುಮಾರು 0.1 ಮಿ.ಮೀ. ದಪ್ಪ. ಅದರ ಕೆಳಗಿನ ಒಳಚರ್ಮ ಒಂದೆರಡು ಮಿ.ಮೀ. ಇರುತ್ತದೆ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರುಗಳು ಇರುವುದು ಅಲ್ಲಿ. ದೊಡ್ಡ ಮೊಡವೆ ಒಳಗೇ ಒಡೆದು ಉರಿಯೂತವಾದಾಗ ಈ ಕೊಲಾಜೆನ್ ಕರಗುತ್ತದೆ, ಮೇಲಿನ ಚರ್ಮ ಕುಸಿದು ಗುಳಿಯಾಗುತ್ತದೆ. ಹೊರಗಿನಿಂದ ಹಚ್ಚುವ ಕ್ರೀಮು ಗುಳಿಯನ್ನು ತುಂಬುವುದಿಲ್ಲ ಎನ್ನುವುದು ಇದಕ್ಕೇ.

ಲೇಸರ್ ಬೇಕೆಂದು ಬರುವವರಲ್ಲಿ ಅನೇಕರಿಗೆ ಗುಳಿಯೇ ಇರುವುದಿಲ್ಲ, ಮೊಡವೆ ಹೋದ ಜಾಗದಲ್ಲಿ ಉಳಿದ ಕಪ್ಪು ಗುರುತಿರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಿಟಕಿಯ ಬೆಳಕು ಕೆನ್ನೆಗೆ ಪಕ್ಕದಿಂದ ಬೀಳುವಂತೆ ನಿಂತು ಕನ್ನಡಿ ನೋಡಿ. ನೆರಳು ಬಿದ್ದರೆ ಗುಳಿ. ನೆರಳಿಲ್ಲದೆ ಬಣ್ಣ ಮಾತ್ರ ಬೇರೆಯಾಗಿದ್ದರೆ ಅದು ಕಲೆ. ಸನ್‌ಸ್ಕ್ರೀನ್, ಅಡಪಲೀನ್ ಅಥವಾ ಅಜೆಲಾಯಿಕ್ ಆಸಿಡ್ ಹಚ್ಚಿಕೊಂಡು ಕೆಲವು ತಿಂಗಳು ಕಾದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಅದರ ಮೇಲೆ ಲೇಸರ್ ಹೊಡೆಸಿದರೆ ಇನ್ನಷ್ಟು ಕಪ್ಪಾಗುವ ಸಾಧ್ಯತೆಯೇ ಜಾಸ್ತಿ.

ಮೇಲ್ಪದರ ತೆಗೆದ ಮೇಲೆ ಹೊಸ ಚರ್ಮ ಬರುವುದು ಮುಖ್ಯವಾಗಿ ಕೂದಲಿನ ಬುಡ ಮತ್ತು ಅದಕ್ಕಂಟಿದ ಎಣ್ಣೆಗ್ರಂಥಿಗಳಿಂದ. ಅಲ್ಲಿರುವ ಜೀವಕೋಶಗಳು ಮೇಲೇರಿ, ಹರಡಿಕೊಂಡು ಗಾಯ ಮುಚ್ಚುತ್ತವೆ. ಮುಖದಲ್ಲಿ ಇವು ಒತ್ತಾಗಿವೆ. ಕುತ್ತಿಗೆ, ಎದೆ, ಕೈಯ ಹಿಂಭಾಗದಲ್ಲಿ ಕಡಿಮೆ. ಕೆನ್ನೆಗೆ ಕೊಟ್ಟ ಅದೇ ಶಕ್ತಿಯನ್ನು ಕುತ್ತಿಗೆಗೂ ಕೊಟ್ಟರೆ ಸರಿಯಾಗಿ ಮಾಯದೆ ಹೊಸ ಗಾಯದ ಗುರುತು ಉಳಿಯುವುದು ಈ ಕಾರಣಕ್ಕೆ. ಸುಟ್ಟು ಗಂಟಾದ ಚರ್ಮದಲ್ಲೂ ರೋಮದ ಬುಡಗಳು ನಾಶವಾಗಿರುತ್ತವೆ. ಅಲ್ಲೂ ಕೈ ಹಗುರ ಇರಬೇಕು.

ಚರ್ಮ ಉಜ್ಜುವ ವಿಧಾನ ಬಹಳ ಹಳೆಯದು. ಜರ್ಮನಿಯ ಅರ್ನ್ಸ್ಟ್ ಕ್ರೊಮಯರ್ 1905ರಲ್ಲಿ ತಿರುಗುವ ಉಪಕರಣದಿಂದ ಗಾಯದ ಗುರುತು ಉಜ್ಜುವುದನ್ನು ವಿವರಿಸಿದ. ಡರ್ಮಬ್ರೇಷನ್ ಎನ್ನುವ ಈ ವಿಧಾನ ಈಗಲೂ ಇದೆ, ಆದರೆ ರಕ್ತ ಜಾಸ್ತಿ, ಆಳವೆಲ್ಲ ಕೈ ಅಂದಾಜು. (ಬ್ಯೂಟಿ ಪಾರ್ಲರಿನ ಮೈಕ್ರೋಡರ್ಮಬ್ರೇಷನ್ ಸತ್ತ ಪದರವನ್ನಷ್ಟೇ ಕೆರೆಯುತ್ತದೆ, ಹೆಸರು ಹತ್ತಿರದ್ದಾದರೂ ಗುಳಿಗೆ ಅದರಿಂದ ಪ್ರಯೋಜನವಿಲ್ಲ.) ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. 1990ರ ದಶಕದಲ್ಲಿ ಇಡೀ ಮುಖದ ಮೇಲ್ಪದರವನ್ನು ಇದರಿಂದ ಸುಟ್ಟು ತೆಗೆಯುವುದು ಪಾಶ್ಚಾತ್ಯ ದೇಶಗಳಲ್ಲಿ ಜೋರಾಯಿತು. ಫಲ ಚೆನ್ನಾಗಿತ್ತು. ಆದರೆ ವಾರಗಟ್ಟಲೆ ರಸಿಕೆ, ತಿಂಗಳುಗಟ್ಟಲೆ ಕೆಂಪು, ಕೆಲವರಿಗೆ ಎಷ್ಟೋ ತಿಂಗಳ ನಂತರ ಬಣ್ಣವೇ ಬಿಟ್ಟು ಬಿಳಿಚಿಕೊಂಡ ಚರ್ಮ.

2004ರಲ್ಲಿ ‘ಫ್ರಾಕ್ಷನಲ್’ ಕಲ್ಪನೆ ಬಂದ ಮೇಲೆ ಚಿತ್ರ ಬದಲಾಯಿತು. ಹೊಲವನ್ನೆಲ್ಲ ಉಳುವ ಬದಲು ಸಾಲಾಗಿ ಗುಣಿ ಹಾಕಿದ ಹಾಗೆ, ಲೇಸರ್ ಕಿರಣ ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ, ನಡುವಿನ ಚರ್ಮಕ್ಕೆ ಕೈ ಹಚ್ಚುವುದಿಲ್ಲ. ಆ ಉಳಿದ ಚರ್ಮದಿಂದ ಜೀವಕೋಶಗಳು ಪಕ್ಕಕ್ಕೆ ಸರಿದು ರಂಧ್ರವನ್ನು ಒಂದೆರಡು ದಿನದಲ್ಲೇ ಮುಚ್ಚುತ್ತವೆ. ಇವತ್ತು ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ‘ಸಿಒಟೂ ಲೇಸರ್’ ಎಂದರೆ ಹೆಚ್ಚಾಗಿ ಇದೇ.

ಇದರ ತರಂಗಾಂತರ 10,600 ನ್ಯಾನೊಮೀಟರ್. ಅದನ್ನು ಹೀರುವುದು ನೀರು. ಚರ್ಮದ ಜೀವಕೋಶದ ತುಂಬ ನೀರೇ ಇರುವುದರಿಂದ ಕಿರಣ ಬಿದ್ದ ಕಡೆ ಆವಿಯಾಗಿ ರಂಧ್ರವಾಗುತ್ತದೆ. ರಂಧ್ರದ ಸುತ್ತ ಬಿಸಿ ಹರಡಿ ಹಳೆಯ ಕೊಲಾಜೆನ್ ಕುಗ್ಗುತ್ತದೆ, ಹೊಸದನ್ನು ಕಟ್ಟುವ ಕೆಲಸ ಶುರುವಾಗುತ್ತದೆ. ಎರ್ಬಿಯಂ ಯಾಗ್ ಲೇಸರ್ (2,940 ನ್ಯಾನೊಮೀಟರ್) ಕಿರಣವನ್ನು ನೀರು ಇನ್ನೂ ಹತ್ತು ಪಟ್ಟಿಗಿಂತ ಹೆಚ್ಚಾಗಿ ಹೀರುತ್ತದೆ. ಹಾಗಾಗಿ ಅದರಲ್ಲಿ ಸುತ್ತಲಿನ ಬಿಸಿ ಕಡಿಮೆ, ಬೇಗ ಮಾಯುತ್ತದೆ, ಆದರೆ ರಕ್ತ ಜಿನುಗುವುದು ಜಾಸ್ತಿ, ಕೊಲಾಜೆನ್ ಬಿಗಿತ ಸ್ವಲ್ಪ ಕಡಿಮೆ.

ಯಂತ್ರದಲ್ಲಿ ಡಾಕ್ಟರ್ ನಿಗದಿ ಮಾಡುವ ಮುಖ್ಯ ಸಂಗತಿ ಎರಡು. ಒಂದು, ಪ್ರತಿ ಚುಕ್ಕಿಗೆ ಕೊಡುವ ಶಕ್ತಿ. ಇದು ಆಳವನ್ನು ನಿರ್ಧರಿಸುತ್ತದೆ. ಇನ್ನೊಂದು, ಚುಕ್ಕಿಗಳ ಒತ್ತಣೆ, ಅಂದರೆ ಮುಖದ ಶೇಕಡಾ ಎಷ್ಟು ಭಾಗಕ್ಕೆ ಗಾಯ ಎಂಬುದು. ಕನ್ನಡ ನಾಡಿನ ಬಹುಪಾಲು ಜನರ ಚರ್ಮ, ತೀರ ಬಿಳಿಯಿಂದ ತೀರ ಕಪ್ಪಿನವರೆಗೆ ಆರು ಬಗೆ ಮಾಡುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ 4 ಅಥವಾ 5ನೇ ಬಗೆಯದು. ಬಣ್ಣ ಕೊಡುವ ಮೆಲನಿನ್ ಕೋಶಗಳು ಚುರುಕು. ಇಂಥ ಚರ್ಮಕ್ಕೆ ಒತ್ತಣೆಯೇ ದೊಡ್ಡ ಶತ್ರು. ಆಳವಾಗಿ ಹೋದರೂ ಚುಕ್ಕಿಗಳು ವಿರಳವಾಗಿದ್ದರೆ ತಡೆದುಕೊಳ್ಳುತ್ತದೆ, ಒತ್ತಾಗಿ ಹೊಡೆದರೆ ಬಿಸಿ ಕೂಡಿಕೊಂಡು ಇಡೀ ಕೆನ್ನೆ ಕಪ್ಪಾಗುತ್ತದೆ. ಬಿಳಿ ಚರ್ಮಕ್ಕೆಂದು ಯಂತ್ರದ ಜೊತೆ ಬಂದ ಸೆಟ್ಟಿಂಗನ್ನು ಹಾಗೇ ಒತ್ತುವವರ ಕೈಗೆ ಮುಖ ಕೊಡಬಾರದು.

ಗುಳಿಗಳೆಲ್ಲ ಒಂದೇ ಜಾತಿಯವಲ್ಲ, ಎಲ್ಲಕ್ಕೂ ಲೇಸರ್ ಮದ್ದೂ ಅಲ್ಲ. ದಬ್ಬಳದಲ್ಲಿ ಚುಚ್ಚಿದಂತೆ ಬಾಯಿ ಕಿರಿದಾಗಿ ಆಳಕ್ಕೆ ಇಳಿದದ್ದು ಐಸ್‌ಪಿಕ್. ಅದರ ತಳ ಫ್ರಾಕ್ಷನಲ್ ಲೇಸರಿಗೆ ನಿಲುಕುವುದೇ ಕಷ್ಟ. ಅದಕ್ಕೆ ಹೊಂದುವುದು ಟಿಸಿಎ ಕ್ರಾಸ್. ಚೂಪು ಮಾಡಿದ ಮರದ ಟೂತ್‌ಪಿಕ್‌ನ ತುದಿಯನ್ನು ಪ್ರಬಲ ಟ್ರೈಕ್ಲೋರೊಅಸಿಟಿಕ್ ಆಸಿಡ್‌ನಲ್ಲಿ ಅದ್ದಿ, ಗುಳಿಯೊಳಗಷ್ಟೇ ಒತ್ತಿ ಹಿಡಿಯುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಗುಳಿಯ ಒಳಗೆ ಸುಣ್ಣದ ಚುಕ್ಕೆ ಇಟ್ಟ ಹಾಗೆ ಬಿಳಿಯಾಗುತ್ತದೆ. ಅದೇ ಆಸಿಡ್ ಕೆಲಸ ಮಾಡಿದ ಗುರುತು. ಶುರುವಿನಲ್ಲಿ 65ರಿಂದ 100 ಶೇಕಡಾ ಸಾಂದ್ರತೆ ಬಳಸುತ್ತಿದ್ದರು, ಕಂದು ಚರ್ಮಕ್ಕೆ ಅದಕ್ಕಿಂತ ಕಡಿಮೆಯಿಂದ ಆರಂಭಿಸುವವರೂ ಇದ್ದಾರೆ. ಆಸಿಡ್ ಗುಳಿಯ ಅಂಚು ದಾಟಿ ಹರಿದರೆ ಗುಳಿ ಅಗಲವಾಗುತ್ತದೆ, ಸುತ್ತ ಕಪ್ಪು ಉಂಗುರ ಮೂಡುತ್ತದೆ. ಆನ್‌ಲೈನಿನಲ್ಲಿ ಟಿಸಿಎ ಬಾಟಲಿ ತರಿಸಿ ಮನೆಯಲ್ಲಿ ಹಚ್ಚಿಕೊಂಡವರಿಗೆ ಆಗುವುದು ಹೆಚ್ಚಾಗಿ ಇದೇ.

ಅಲೆಅಲೆಯಾಗಿ ತಗ್ಗು ಬಿದ್ದ ರೋಲಿಂಗ್ ಗುಳಿಯಲ್ಲಿ ಚರ್ಮವನ್ನು ಕೆಳಗಿನಿಂದ ನಾರುಗಳು ಜಗ್ಗಿ ಹಿಡಿದಿರುತ್ತವೆ. ಬೆರಳಿನಿಂದ ಕೆನ್ನೆ ಹಿಗ್ಗಿಸಿದರೆ ಇವು ಮಾಯವಾಗುತ್ತವೆ, ಬಿಟ್ಟರೆ ಮತ್ತೆ ಬರುತ್ತವೆ. ಮೇಲಿನಿಂದ ಎಷ್ಟು ಲೇಸರ್ ಹೊಡೆದರೂ ಆ ಹಿಡಿತ ಬಿಡುವುದಿಲ್ಲ. ಮೊದಲು ಸಬ್‌ಸಿಷನ್ ಮಾಡಬೇಕು: ಮರಗಟ್ಟಿಸಿ, ಚರ್ಮದಡಿ ಸೂಜಿ ತೂರಿಸಿ, ಅತ್ತಿತ್ತ ಆಡಿಸಿ ನಾರು ಕತ್ತರಿಸುತ್ತಾರೆ. ಕತ್ತರಿಸುವಾಗ ಕರಕರ ಸದ್ದು ರೋಗಿಗೇ ಕೇಳಿಸುತ್ತದೆ, ವಾರ ಎರಡು ವಾರ ಮುಖ ನೀಲಿಗಟ್ಟಿರುತ್ತದೆ. ಅಂಚು ಕಡಿದಾಗಿ ತಳ ಚಪ್ಪಟೆಯಾದ ಬಾಕ್ಸ್‌ಕಾರ್ ಗುಳಿಗಳು, ಅದರಲ್ಲೂ ತೆಳುವಾದವು, ಲೇಸರಿಗೆ ಚೆನ್ನಾಗಿ ಒಗ್ಗುತ್ತವೆ. ಒಂದೇ ಮುಖದಲ್ಲಿ ಮೂರೂ ಬೆರೆತಿರುವುದೇ ಹೆಚ್ಚು. ಗುಳಿ ಹಿಗ್ಗಿಸಿ ನೋಡದೆ, ಎಲ್ಲಕ್ಕೂ ‘ನಾಲ್ಕು ಸಿಟ್ಟಿಂಗ್ ಲೇಸರ್ ಪ್ಯಾಕೇಜ್’ ಬರೆದುಕೊಟ್ಟರೆ ಅಲ್ಲೇ ಅನುಮಾನಪಡಬಹುದು.

ಸೂಜಿಯ ವಿಧಾನಕ್ಕೆ ಮೈಕ್ರೋನೀಡ್ಲಿಂಗ್ ಎನ್ನುತ್ತಾರೆ. ಗುಳಿಗಳಿಗೆ ಸುಮಾರು 1.5 ಮಿ.ಮೀ. ಉದ್ದದ ಸೂಜಿ ಸಾಮಾನ್ಯ. ಬಿಸಿಯೇ ಇಲ್ಲದ್ದರಿಂದ ಕಪ್ಪಾಗುವ ಭಯ ಕಡಿಮೆ, ಫಲ ನಿಧಾನ. ಎಂಎನ್‌ಆರ್‌ಎಫ್ (ಮೈಕ್ರೋನೀಡ್ಲಿಂಗ್ ರೇಡಿಯೊಫ್ರೀಕ್ವೆನ್ಸಿ) ವಿಧಾನದಲ್ಲಿ ಸೂಜಿಯ ಮೂಲಕ ರೇಡಿಯೊ ತರಂಗದ ಬಿಸಿಯನ್ನು ಒಳಚರ್ಮಕ್ಕೆ ಇಳಿಸುತ್ತಾರೆ. ಬುಡಕ್ಕೆ ವಿದ್ಯುತ್ ನಿರೋಧಕ ಲೇಪನವಿರುವ ಸೂಜಿಯಾದರೆ ಹೊರಚರ್ಮಕ್ಕೆ ಬಿಸಿ ತಾಗುವುದಿಲ್ಲ. ನಮ್ಮ ಬಣ್ಣಕ್ಕೆ ಇದು ಒಳ್ಳೆಯ ಆಯ್ಕೆ.

ಸುಕ್ಕಿನ ವಿಷಯಕ್ಕೆ ಬಂದರೆ, ಮುಖ ಆಡಿಸಿದಾಗ ಮಾತ್ರ ಕಾಣುವ ಹಣೆಯ ಗೆರೆಗೆ ರಿಸರ್ಫೇಸಿಂಗ್ ಅಲ್ಲ, ಸ್ನಾಯು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ ಹೊಂದುತ್ತದೆ. ಕಣ್ಣು, ಬಾಯಿಯ ಸುತ್ತ ಸುಮ್ಮನಿದ್ದಾಗಲೂ ಕಾಣುವ ಸಣ್ಣ ನೆರಿಗೆಗಳಿಗೆ ಲೇಸರ್ ಚೆನ್ನ. ಜೋತುಬಿದ್ದ ಕೆನ್ನೆಯನ್ನು ಯಾವ ರಿಸರ್ಫೇಸಿಂಗೂ ಎತ್ತುವುದಿಲ್ಲ. ಆಸಿಡ್ ಹಚ್ಚಿ ಚರ್ಮ ಸುಲಿಯುವಂತೆ ಮಾಡುವ ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಪೀಲ್‌ಗಳು ಮೇಲ್ಪದರದ ಕೆಲಸಕ್ಕಷ್ಟೇ: ಬಣ್ಣ, ಒರಟು, ಮೊಡವೆ. ಗ್ಲೈಕಾಲಿಕ್ ಹಚ್ಚಿದ ಮೇಲೆ ಸಮಯ ನೋಡಿ ಸೋಡಿಯಂ ಬೈಕಾರ್ಬನೇಟ್ ದ್ರಾವಣದಿಂದಲೋ ನೀರಿನಿಂದಲೋ ಅದರ ಕೆಲಸ ನಿಲ್ಲಿಸಲೇಬೇಕು, ಮರೆತರೆ ಸುಡುತ್ತದೆ. ಸ್ಯಾಲಿಸಿಲಿಕ್‌ಗೆ ಆ ಗೋಜಿಲ್ಲ.

ಚಿಕಿತ್ಸೆಗೆ ಮೊದಲು ಹೇಳಲೇಬೇಕಾದ ಸಂಗತಿಗಳಿವೆ. ಬಾಯಿಯ ಸುತ್ತ ಹರ್ಪಿಸ್ ಗುಳ್ಳೆ ಯಾವಾಗಲಾದರೂ ಬಂದಿದ್ದರೆ ಹಿಂದಿನ ದಿನದಿಂದಲೇ ಎಸೈಕ್ಲೊವಿರ್ ಅಥವಾ ವ್ಯಾಲಸೈಕ್ಲೊವಿರ್ ಶುರು ಮಾಡುತ್ತಾರೆ. ಇಲ್ಲದಿದ್ದರೆ ಹಸಿ ಚರ್ಮದ ಮೇಲೆಲ್ಲ ಅದು ಹಬ್ಬಿ ಗುರುತು ಉಳಿಸಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಬೇಕು. ನಿಲ್ಲಿಸಿ ಆರು ತಿಂಗಳು ಕಾಯಬೇಕೆಂಬ ಹಳೆಯ ನಿಯಮ ಫ್ರಾಕ್ಷನಲ್ ಲೇಸರಿಗೆ ಈಗ ಸಡಿಲವಾಗಿದೆ, ಪೂರ್ತಿ ಮುಖದ ಡರ್ಮಬ್ರೇಷನ್‌ಗೆ ಸಡಿಲವಾಗಿಲ್ಲ. ಕೀಲಾಯ್ಡ್ (ಗಾಯದ ಜಾಗದಲ್ಲಿ ಉಬ್ಬಿ ಗಂಟಾಗುವ ಗುರುತು) ಬೆಳೆಯುವ ಮೈ, ಹರಡುತ್ತಿರುವ ತೊನ್ನು, ಮುಖದ ತುಂಬ ಕೀವಿನ ಮೊಡವೆ, ಬಸುರಿ ಇವಿದ್ದರೆ ಬೇಡ. ಬಂಗು ಇದ್ದವರಿಗೆ ಲೇಸರಿನಿಂದ ಬಂಗು ಕೆರಳುತ್ತದೆ. ಇನ್ನೊಂದು, ನಮ್ಮಲ್ಲಿ ಬಿಳಿಯಾಗಲೆಂದು ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ಹಚ್ಚುವ ಸ್ಟಿರಾಯ್ಡ್ ಬೆರೆಸಿದ ಕ್ರೀಮು. ಅದರಿಂದ ತೆಳುವಾಗಿ ಕೆಂಪೇರಿದ ಚರ್ಮ ಮೊದಲು ಚೇತರಿಸಿಕೊಳ್ಳಬೇಕು, ಆಮೇಲೆ ಲೇಸರ್ ಮಾತು.

ಚಿಕಿತ್ಸೆಯ ದಿನ ಮರಗಟ್ಟಿಸುವ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ 45 ನಿಮಿಷದಿಂದ ಒಂದು ಗಂಟೆ ಕೂರಿಸುತ್ತಾರೆ. ಬೇಗ ಹತ್ತಲಿ ಎಂದು ದಪ್ಪಗೆ, ಅಗಲಕ್ಕೆ, ಹೊತ್ತು ಮೀರಿ ಹಚ್ಚಿದರೆ ಅದರಲ್ಲಿರುವ ಲಿಡೊಕೇನ್ ಎಂಬ ಔಷಧ ರಕ್ತ ಸೇರಿ ತಲೆ ಸುತ್ತು, ಫಿಟ್ಸ್ ಬರುವ ಅಪಾಯವಿದೆ. ನಂತರ ಕ್ರೀಮು, ಸ್ಪಿರಿಟ್ಟಿನ ತೇವ ಪೂರ್ತಿ ಆರಿರಬೇಕು, ಇಲ್ಲದಿದ್ದರೆ ಕಿರಣಕ್ಕೆ ಬೆಂಕಿ ಹತ್ತಬಹುದು. ಈ ಲೇಸರ್ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಸುಡುವುದರಿಂದ ರೋಗಿಗೂ ಸುತ್ತಲಿದ್ದವರಿಗೂ ಕಣ್ಣಿನ ರಕ್ಷಣೆ ಬೇಕು, ರೆಪ್ಪೆಯ ಹತ್ತಿರ ಮಾಡುವುದಾದರೆ ಕಣ್ಣೊಳಗೆ ಲೋಹದ ಕವಚ ಇಡಬೇಕು. ಹೊಡೆಯುವಾಗ ಕೂದಲು ಸುಟ್ಟ ವಾಸನೆ, ಮುಖದ ಮೇಲೆ ಚೌಕಚೌಕವಾಗಿ ಬಿಳಿಯ ಚುಕ್ಕಿಗಳು. ಹೊಗೆ ಎಳೆಯುವ ಕೊಳವೆ ಪಕ್ಕದಲ್ಲೇ ಇರಬೇಕು. ಮುಖವೆಲ್ಲ ಮಾಡಲು ಅರ್ಧ ಗಂಟೆಯೂ ಬೇಡ.

ಅಂದು ಮುಖ ಮೆಣಸಿನಪುಡಿ ಎರಚಿದಂತೆ ಉರಿಯುತ್ತದೆ. ಎರಡು ಮೂರು ದಿನ ಊದಿಕೊಂಡು ಕೆಂಪಾಗಿ, ಆಮೇಲೆ ಕಂದು ಚುಕ್ಕಿಗಳ ಸಣ್ಣ ಹಕ್ಕಳೆ ಕಟ್ಟಿ, ಐದರಿಂದ ಏಳನೇ ದಿನಕ್ಕೆ ತಾನಾಗಿ ಉದುರುತ್ತದೆ. ಅಲ್ಲಿವರೆಗೆ ಸಾದಾ ಪೆಟ್ರೋಲಿಯಂ ಜೆಲ್ಲಿಯಿಂದ ಚರ್ಮ ತೇವವಾಗಿರಬೇಕು. ಹಕ್ಕಳೆ ಕಿತ್ತರೆ ಅಲ್ಲೇ ಕಪ್ಪು. ಅರಿಶಿನ, ಲೋಳೆಸರ, ನಿಂಬೆರಸ ಯಾವುದೂ ಬೇಡ. ರಂಧ್ರಗಳು ತೆರೆದಿರುವಾಗ ಹಚ್ಚಿದ್ದೆಲ್ಲ ಒಳಗಿಳಿಯುತ್ತದೆ.

ಎಲ್ಲ ಸರಿಹೋಯಿತು ಎಂದುಕೊಳ್ಳುವ ಹೊತ್ತಿಗೆ, ಸುಮಾರು ಮೂರು ನಾಲ್ಕು ವಾರಕ್ಕೆ, ಕೆಲವರಿಗೆ ಮುಖ ಮಾಸಿದಂತೆ ಕಪ್ಪಾಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ, ಹೆದರಿ ಇನ್ನೊಂದು ಲೇಸರ್ ಮಾಡಿಸಬಾರದು. ತಡೆಯಲು ಇರುವ ಮುಖ್ಯ ದಾರಿ ಸನ್‌ಸ್ಕ್ರೀನ್: ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಮುಖ ಕುತ್ತಿಗೆಗೆ ಸೇರಿ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ. ಐರನ್ ಆಕ್ಸೈಡ್ ಬೆರೆಸಿದ, ಬಣ್ಣವಿರುವ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಕಂದು ಚರ್ಮಕ್ಕೆ ಅದೇ ಮೇಲು.

ಸಿಟ್ಟಿಂಗ್‌ಗಳು ಸಾಮಾನ್ಯವಾಗಿ ಮೂರು ನಾಲ್ಕು, ನಡುವೆ ಆರು ವಾರದ ಬಿಡುವು. ಕೊಲಾಜೆನ್ ಕಟ್ಟುವ ಕೆಲಸ ಕೊನೆಯ ಸಿಟ್ಟಿಂಗಿನ ನಂತರವೂ ಮೂರರಿಂದ ಆರು ತಿಂಗಳು ನಡೆಯುತ್ತದೆ. ಮದುವೆಗೆ ತಿಂಗಳಿದೆ ಎಂದು ಬರುವವರಿಗೆ ಲೇಸರ್ ಬೇಡ ಎನ್ನುವ ಡಾಕ್ಟರೇ ಸರಿಯಾದವರು. ಮಂಟಪದಲ್ಲಿ ಕಪ್ಪಾದ ಮುಖವೇ ಗತಿಯಾದೀತು. ಲೆಕ್ಕ ಹಾಕಿದರೆ ವರ್ಷ ಮೊದಲೇ ಶುರು ಮಾಡಬೇಕು. ಅಷ್ಟೆಲ್ಲ ಆದಮೇಲೂ ಗುಳಿ ಅರ್ಧದಷ್ಟು ತಗ್ಗಿದರೆ ಒಳ್ಳೆಯ ಫಲವೆಂದೇ ಲೆಕ್ಕ, ಪೂರ್ತಿ ಅಳಿಸುತ್ತೇನೆ ಎಂದವರನ್ನು ನಂಬಬೇಡಿ. ಸೌಂದರ್ಯ ಚಿಕಿತ್ಸೆಯಾದ್ದರಿಂದ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದ್ದು: ಲೇಸರ್ ಹಿಡಿಯುವವರು ಯಾರು, ಡಾಕ್ಟರೋ ಟೆಕ್ನಿಷಿಯನ್ನೋ? ಕಿವಿಯ ಮುಂದೆ ಸಣ್ಣ ಜಾಗದಲ್ಲಿ ಟೆಸ್ಟ್ ಪ್ಯಾಚ್ ಮಾಡಿ ಕೆಲವು ವಾರ ಕಾದು ನೋಡುತ್ತಾರೆಯೇ? ಮೊದಲಿನ ಫೋಟೊವನ್ನು ಪಕ್ಕದ ಬೆಳಕಿನಲ್ಲಿ ತೆಗೆದಿಡುತ್ತಾರೆಯೇ? ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಆ ಪ್ರಮಾಣಪತ್ರ ಗೋಡೆಯಲ್ಲಿದೆಯೇ ನೋಡಿ. ಚಿಕಿತ್ಸೆಯಾದ ಮೇಲೆ ಮೂರನೇ ದಿನದಿಂದ ಉರಿ ಇಳಿಯುವ ಬದಲು ನೋವು ಏರಿದರೆ, ಕೀವು, ಜ್ವರ ಅಥವಾ ಗುಂಪುಗುಂಪಾದ ನೀರ್ಗುಳ್ಳೆ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅದೇ ದಿನ ತೋರಿಸಿ.