ಹುಳು, ಬ್ಯಾಕ್ಟೀರಿಯಾ, ಕರುಳಿನ ಗೋಡೆ: ಮೂರನ್ನೂ ಸೇರಿಸಿ ಓದಲು ಒಂದು ಟಿಪ್ಪಣಿ

ಪಠ್ಯದಲ್ಲಿ ಹುಳುಗಳಿಗೊಂದು ಅಧ್ಯಾಯ, ಬ್ಯಾಕ್ಟೀರಿಯಾಗಳಿಗೊಂದು ಅಧ್ಯಾಯ. ಮೊದಲನೆಯದನ್ನು ಜೀವನಚಕ್ರದ ಚಿತ್ರ ಸಮೇತ ಬಾಯಿಪಾಠ ಮಾಡುತ್ತೇವೆ. ಎರಡನೆಯದರಲ್ಲಿ ಕರುಳಿನ ಸಹಜ ಸೂಕ್ಷ್ಮಾಣುಗಳಿಗೆ ಸಿಕ್ಕಿರುವ ಅರ್ಧ ಪುಟವನ್ನು ಮಗುಚಿ ಮುಂದೆ ಹೋಗುತ್ತೇವೆ. ಕರುಳಿನೊಳಗೆ ಈ ಪಾಲುಪಟ್ಟಿ ಇಲ್ಲ. ಹುಳುವಿನ ಮೊಟ್ಟೆ ಒಡೆಯುವುದರಲ್ಲಿ ಬ್ಯಾಕ್ಟೀರಿಯಾದ ಕೈವಾಡವಿರಬಹುದು, ಹುಳು ಬಂದ ಮೇಲೆ ಬ್ಯಾಕ್ಟೀರಿಯಾಗಳ ಬಳಗವೇ ಬದಲಾಗಬಹುದು. ಕಾರವಾರದಲ್ಲಿ ನನ್ನ ಜೊತೆ ಓದುತ್ತಿರುವವರಿಗಾಗಿ ಎರಡನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ತೋಟದ ಮಣ್ಣಿನಿಂದ ಸಣ್ಣ ಕರುಳಿಗೆ

ಮಣ್ಣಿನಿಂದ ಹರಡುವ ಹುಳುಗಳಲ್ಲಿ ಮುಖ್ಯವಾದವು ದುಂಡುಹುಳು (ಆಸ್ಕರಿಸ್), ಚಾಟಿಹುಳು (ಟ್ರೈಕ್ಯುರಿಸ್) ಮತ್ತು ಕೊಕ್ಕೆಹುಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 150 ಕೋಟಿ ಜನರಿಗೆ ಇವುಗಳ ಸೋಂಕಿದೆ. ಮೊದಲ ಎರಡರ ಮೊಟ್ಟೆ ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಬೆಲ್ಲ ತಿಂದರೆ ಜಂತು ಆಗುತ್ತದೆ ಎಂದು ಮನೆಯಲ್ಲಿ ಹೇಳುವುದುಂಟು. ಬೆಲ್ಲದ ತಪ್ಪೇನೂ ಇಲ್ಲ, ಅದನ್ನು ಹಿಡಿದ ಕೈಯಲ್ಲಿ ಮಣ್ಣಿದ್ದರೆ ತಪ್ಪು ಆ ಮಣ್ಣಿನದು. ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಆದರೆ ಆ ಮೊಟ್ಟೆ ಸೋಂಕು ತರುವಷ್ಟು ಬಲಿಯಬೇಕಾದರೆ ಮಣ್ಣಿನಲ್ಲಿ ಎರಡು ಮೂರು ವಾರ ಕಳೆಯಬೇಕು. ಆದ್ದರಿಂದ ಇದು ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಅಂಟುವ ರೋಗವಲ್ಲ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ನಮ್ಮ ಜಿಲ್ಲೆಯವರು ನಿಂತು ಓದಬೇಕಾದದ್ದು ಕೊಕ್ಕೆಹುಳುವನ್ನು. ಅದರ ಮರಿಗೆ ನೆರಳು, ತೇವ, ಬೆಚ್ಚನೆಯ ಸಡಿಲ ಮಣ್ಣು ಬೇಕು. ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ, ಬೆಟ್ಟದಿಂದ ತಂದು ಹಾಸಿದ ಸೊಪ್ಪಿನ ಅಡಿಯಲ್ಲಿ, ಇವೆಲ್ಲ ಒಟ್ಟಿಗೇ ಸಿಗುತ್ತವೆ. ಇಲ್ಲದಿರಬೇಕಾದ್ದು ಮಲ ಒಂದೇ. ಅದೊಂದು ಬಿದ್ದರೆ ಅದರಲ್ಲಿರುವ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿ ಮಣ್ಣಿನ ಬ್ಯಾಕ್ಟೀರಿಯಾಗಳನ್ನೇ ತಿಂದು ಬೆಳೆಯುತ್ತದೆ. ಐದರಿಂದ ಹತ್ತು ದಿನಗಳಲ್ಲಿ ಎರಡು ಬಾರಿ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದಾಗ ತಿನ್ನುವುದನ್ನು ನಿಲ್ಲಿಸಿ, ಕಾಲಿಗಾಗಿ ಕಾಯತೊಡಗುತ್ತದೆ. ಆಮೇಲೆ ಚರ್ಮ, ರಕ್ತ, ಶ್ವಾಸಕೋಶ, ಗಂಟಲು, ಕೊನೆಗೆ ಸಣ್ಣ ಕರುಳು. ಚರ್ಮದ ದಾರಿ ತಿಳಿದದ್ದು ಆಕಸ್ಮಿಕವಾಗಿ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೈರೋದಲ್ಲಿ ಆರ್ಥರ್ ಲೂಸ್ ಅವರ ಕೈ ಮೇಲೆ ಮರಿಗಳಿದ್ದ ನೀರು ಚೆಲ್ಲಿ ತುರಿಕೆ ಎದ್ದಿತು, ಕೆಲವು ವಾರಗಳ ನಂತರ ಅವರ ಮಲದಲ್ಲೇ ಮೊಟ್ಟೆ ಕಾಣಿಸಿತು.

ಮರಿ ಹೊಕ್ಕ ಜಾಗದ ತುರಿಕೆಯನ್ನು ಕಾಲ್ಬೆರಳ ಸಂದಿಯ ಕೆಸರುಹುಣ್ಣಿನೊಂದಿಗೆ ಕಲಸಬೇಡಿ. ಕೆಸರುಹುಣ್ಣಿನಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿಯುತ್ತದೆ. ಮರಿಯ ತುರಿಕೆಯಲ್ಲಿ ಸಣ್ಣ ಕೆಂಪು ಗುಳ್ಳೆಗಳು ಎದ್ದು, ಸಾಮಾನ್ಯವಾಗಿ ತಾವಾಗಿಯೇ ಅಡಗುತ್ತವೆ. ಕಡಲತೀರದ ಮರಳಿನಲ್ಲಿ ನಾಯಿಯ ಕೊಕ್ಕೆಹುಳುವಿನ ಮರಿ ಹೊಕ್ಕರೆ ಲಕ್ಷಣ ಮತ್ತೆ ಬೇರೆ. ಅದಕ್ಕೆ ಮನುಷ್ಯನ ಚರ್ಮವನ್ನು ದಾಟಿ ಒಳಗಿಳಿಯಲು ಬರುವುದಿಲ್ಲ, ಚರ್ಮದಡಿಯಲ್ಲೇ ಅಂಕುಡೊಂಕಾಗಿ ಅಲೆಯುತ್ತದೆ, ಆ ಗೆರೆ ಕಣ್ಣಿಗೇ ಕಾಣುತ್ತದೆ.

ಚಪ್ಪಲಿ ಹಾಕಿ ಎಂದು ಬರೆದರೆ ಉತ್ತರಪತ್ರಿಕೆಯಲ್ಲಿ ಅಂಕ ಸಿಗುತ್ತದೆ. ತೋಟದಲ್ಲಿ ಸಿಗುವ ಉತ್ತರ ಬೇರೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮೂರಿನ ಕೊನೆಗೌಡರೊಬ್ಬರಿಗೆ ಹೇಳಿ ನೋಡಿದೆ. "ಮಳೆಗಾಲದಲ್ಲಿ ಪಾಚಿಯ ಮೇಲೆ ಚಪ್ಪಲಿ ನಿಲ್ಲುತ್ತದೆಯೇ ತಮ್ಮಾ? ಮರ ಹತ್ತುವಾಗಲೂ ಹಾಕಿಕೊಳ್ಳಲೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಶೌಚಾಲಯದ ಬಳಕೆಯನ್ನು ಮೊದಲು, ಚಪ್ಪಲಿಯನ್ನು ಆಮೇಲೆ ಬರೆಯುವುದೇ ಸರಿ ಎಂದು ನನ್ನ ಅಭಿಪ್ರಾಯ.

ರಕ್ತದ ಲೆಕ್ಕ

ಮನುಷ್ಯರ ಕೊಕ್ಕೆಹುಳುವಿನಲ್ಲಿ ಮುಖ್ಯವಾಗಿ ಎರಡು ಜಾತಿ. ನೆಕೇಟರ್ ಅಮೆರಿಕಾನಸ್ ಒಂದೊಂದೂ ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಕಳೆಯುತ್ತದೆ, ಆಂಕಿಲೊಸ್ಟೋಮಾ ಡುವೊಡಿನೇಲ್ ಸುಮಾರು 0.15 ರಿಂದ 0.2 ಮಿ.ಲೀ. ಕೇಳಲು ಏನೂ ಅಲ್ಲ. ಆದರೆ ಎರಡನೆಯ ಜಾತಿಯ ನೂರು ಹುಳುಗಳಿದ್ದರೆ ದಿನಕ್ಕೆ 15 ಮಿ.ಲೀ., ತಿಂಗಳಿಗೆ 450 ಮಿ.ಲೀ. ರಕ್ತದಾನ ಶಿಬಿರದಲ್ಲಿ ಒಮ್ಮೆಗೆ ಸಾಮಾನ್ಯವಾಗಿ ತೆಗೆಯುವುದು 350 ಮಿ.ಲೀ. ಕಬ್ಬಿಣದ ಒಂದು ಪಾಲನ್ನು ಕರುಳು ಕೆಳಗೆ ಮತ್ತೆ ಹೀರಿಕೊಳ್ಳುತ್ತದೆ ನಿಜ, ಆದರೂ ಊಟದಿಂದ ದಿನಕ್ಕೆ ಒಂದೆರಡು ಮಿಲಿಗ್ರಾಂ ಕಬ್ಬಿಣ ಮಾತ್ರ ಹೀರುವ ದೇಹ ಈ ಸಾಲವನ್ನು ತೀರಿಸಲಾರದು. ಹುಳುವಿನ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ, ಅದು ಕಚ್ಚಿದ ಜಾಗ ಬಿಟ್ಟು ಕದಲಿದ ಮೇಲೂ ಗಾಯ ಒಸರುತ್ತಲೇ ಇರುತ್ತದೆ.

ಹುಳು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಎಷ್ಟಿವೆ ಎನ್ನುವುದು ದೊಡ್ಡ ಪ್ರಶ್ನೆ. ಒಂದು ಊರಿನ ಹುಳುಗಳಲ್ಲಿ ಹೆಚ್ಚಿನ ಪಾಲು ಕೆಲವೇ ಜನರ ಹೊಟ್ಟೆಯಲ್ಲಿರುತ್ತದೆ, ಉಳಿದವರಲ್ಲಿ ನಾಲ್ಕಾರು. ಇದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಸ್ಲೈಡಿನಲ್ಲಿ

ಚಾಟಿಹುಳುವಿನ ಮೊಟ್ಟೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ: ಯಕ್ಷಗಾನದ ಮದ್ದಳೆಯಂತೆ ನಡು ಉಬ್ಬಿ, ಎರಡೂ ತುದಿಗೆ ಪಾರದರ್ಶಕ ಬಿರಡೆ. ದುಂಡುಹುಳುವಿನದು ಪಿತ್ತದ ಬಣ್ಣ ಹಿಡಿದು ಕಂದು, ಮೇಲೆ ಉಬ್ಬುತಗ್ಗಿನ ಹೊದಿಕೆ. ಕೊಕ್ಕೆಹುಳುವಿನದಕ್ಕೆ ಬಣ್ಣವಿಲ್ಲ, ತೆಳು ಕವಚ, ಒಳಗೆ ನಾಲ್ಕರಿಂದ ಎಂಟು ಕೋಶಗಳ ಗುಂಪು, ಕವಚಕ್ಕೂ ಕೋಶಗಳಿಗೂ ನಡುವೆ ಖಾಲಿ ಜಾಗ. ಬೆಳಕು ಹೆಚ್ಚಾದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ, ಸೂಕ್ಷ್ಮದರ್ಶಕದಲ್ಲಿ ಬೆಳಕು ಕೂಡಿಸುವ ಕಂಡೆನ್ಸರ್ ತಗ್ಗಿಸಿ ನೋಡಬೇಕು. ಕರಾವಳಿಯ ಸೆಕೆಯಲ್ಲಿ ಮಲದ ಮಾದರಿಯನ್ನು ಮರುದಿನದವರೆಗೆ ಹೊರಗಿಟ್ಟರೆ ಮೊಟ್ಟೆ ಒಡೆದು ಮರಿಯೇ ಓಡಾಡುತ್ತಿರುತ್ತದೆ, ಆಗ ಸ್ಟ್ರಾಂಜಿಲಾಯ್ಡಿಸ್ ಎಂಬ ಇನ್ನೊಂದು ಕರುಳುಹುಳುವಿನ ಮರಿಯೋ ಇದೋ ಎಂಬ ಗೊಂದಲ. ಪರಿಹಾರ ಬಾಯಿಯಲ್ಲಿದೆ: ಕೊಕ್ಕೆಹುಳುವಿನ ಮೊದಲ ಹಂತದ ಮರಿಗೆ ಬಾಯಿಕುಹರ ಉದ್ದ, ಸ್ಟ್ರಾಂಜಿಲಾಯ್ಡಿಸ್‌ಗೆ ಗಿಡ್ಡ.

ಬ್ಯಾಕ್ಟೀರಿಯಾ ಮುಟ್ಟದೆ ಒಡೆಯದ ಮೊಟ್ಟೆ

ಮನುಷ್ಯನ ದೇಹದಲ್ಲಿ ಅವನ ಸ್ವಂತ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂಬ ಮಾತನ್ನು ಇನ್ನೂ ಬರೆಯುತ್ತಿರುವವರು ಬಿಟ್ಟುಬಿಡಿ. 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 70 ಕಿಲೊ ತೂಕದ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು 30 ಲಕ್ಷ ಕೋಟಿ ಸ್ವಂತ ಕೋಶ, ಹೆಚ್ಚುಕಡಿಮೆ ಸಮಸಮ. ಬ್ಯಾಕ್ಟೀರಿಯಾಗಳ ಬಹುಪಾಲು ದೊಡ್ಡ ಕರುಳಿನಲ್ಲಿದೆ. ನಾವು ಜೀರ್ಣಿಸಲಾರದ ನಾರನ್ನು ಹುದುಗಿಸಿ ಅವು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಕೊಡುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ.

ಚಾಟಿಹುಳು ನೆಲೆಸುವುದೂ ಇದೇ ಜಾಗದಲ್ಲಿ, ಸೀಕಂ (ದೊಡ್ಡ ಕರುಳಿನ ಆರಂಭದ ಚೀಲ) ಮತ್ತು ದೊಡ್ಡ ಕರುಳಿನಲ್ಲಿ. ಇದು ಕಾಕತಾಳೀಯವಲ್ಲ ಎಂದು 2010ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ತೋರಿಸಿದರು. ಇಲಿಯ ಚಾಟಿಹುಳುವಿನ ಮೊಟ್ಟೆಗಳನ್ನು ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಜೊತೆ 37 ಡಿಗ್ರಿಯಲ್ಲಿ ಇಟ್ಟಾಗ ಒಡೆದವು. ಬ್ಯಾಕ್ಟೀರಿಯಾಗಳು ಆ ಬಿರಡೆಯ ಬಳಿ ಗುಂಪುಗೂಡಿ, ತಮ್ಮ ಮೈಮೇಲಿನ ಫಿಂಬ್ರಿಯ ಎಂಬ ಎಳೆಗಳಿಂದ ಅದಕ್ಕೆ ಅಂಟಿಕೊಂಡಿದ್ದವು. ಬ್ಯಾಕ್ಟೀರಿಯಾ ಮೊಟ್ಟೆಯನ್ನು ಮುಟ್ಟದಂತೆ ನಡುವೆ ತಡೆ ಇಟ್ಟಾಗ ಮೊಟ್ಟೆ ಒಡೆಯಲಿಲ್ಲ. ಪ್ರತಿಜೀವಕ ಕೊಟ್ಟು ಬ್ಯಾಕ್ಟೀರಿಯಾ ತಗ್ಗಿಸಿದ ಇಲಿಗಳಲ್ಲಿ ಹುಳುಗಳ ಸಂಖ್ಯೆಯೂ ಇಳಿಯಿತು.

2018ರ ಇನ್ನೊಂದು ಅಧ್ಯಯನ ಇದಕ್ಕೆ ಎರಡನೆಯ ಅಂಕ. ಒಳಗೆ ನೆಲೆಸಿದ ಹುಳು ಇಲಿಯ ಕರುಳಿನ ಬ್ಯಾಕ್ಟೀರಿಯಾಗಳ ಬಳಗವನ್ನು ಬದಲಾಯಿಸುತ್ತದೆ, ಬದಲಾದ ಬಳಗದಲ್ಲಿ ಹೊಸ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ಅಂದರೆ ಮೊದಲು ಬಂದ ಹುಳು ಹಿಂದೆ ಬರುವವುಗಳಿಗೆ ಬಾಗಿಲು ಹಾಕುತ್ತದೆ. ಇವೆರಡೂ ಇಲಿಯ ಚಾಟಿಹುಳುವಿನ ಮೇಲೆ ನಡೆದ ಕೆಲಸ ಎಂದು ಉತ್ತರದಲ್ಲಿ ತಪ್ಪದೆ ಬರೆಯಿರಿ.

ಇನ್ನು ಕರುಳಿನ ಗೋಡೆ. ಅದರ ಟಫ್ಟ್ ಕೋಶಗಳು ಹುಳುವಿನ ಸುಳಿವು ಹಿಡಿದು ಐಎಲ್-25 (ಐಎಲ್ ಎಂದರೆ ಇಂಟರ್‌ಲ್ಯೂಕಿನ್, ಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತ) ಬಿಡುಗಡೆ ಮಾಡುತ್ತವೆ. ಅದರಿಂದ ಎಚ್ಚೆತ್ತ ಪ್ರತಿರಕ್ಷಾ ಕೋಶಗಳು ಐಎಲ್-13 ಸುರಿಸುತ್ತವೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಹೆಚ್ಚಿ ಲೋಳೆ ದಪ್ಪಗಾಗುತ್ತದೆ, ಕರುಳು ಜೋರಾಗಿ ಹಿಂಡುತ್ತದೆ. ಉದ್ದೇಶ ಹುಳುವನ್ನು ಹೊರದಬ್ಬುವುದು. ಆದರೆ ದಪ್ಪ ಲೋಳೆಯಲ್ಲಿ ಯಾವ ಬ್ಯಾಕ್ಟೀರಿಯಾ ಬದುಕುತ್ತದೆ ಎನ್ನುವುದೂ ಬದಲಾಗುತ್ತದೆ. 2016ರಲ್ಲಿ, ಕರುಳಿನ ಉರಿಯೂತಕ್ಕೆ ಪಕ್ಕಾಗುವ ಒಂದು ಬಗೆಯ ಇಲಿಗಳಲ್ಲಿ ಹುಳು ಬಂದಾಗ ಕ್ಲಾಸ್ಟ್ರಿಡಿಯೇಲ್ಸ್ ಎಂಬ ಬ್ಯಾಕ್ಟೀರಿಯಾ ಗುಂಪು ಹೆಚ್ಚಿ, ಉರಿಯೂತ ತರುವ ಬ್ಯಾಕ್ಟೀರಿಯಾ ಹಿಂದೆ ಸರಿದದ್ದು ಕಂಡಿತು. ಅದೇ ಅಧ್ಯಯನದಲ್ಲಿ ಮಲೇಷ್ಯಾದ ಒರಾಂಗ್ ಅಸ್ಲಿ ಮೂಲನಿವಾಸಿಗಳಿಗೆ ಹುಳುವಿನ ಔಷಧ ಕೊಟ್ಟ ಮೇಲೆ ಕ್ಲಾಸ್ಟ್ರಿಡಿಯೇಲ್ಸ್ ಇಳಿದು ಬ್ಯಾಕ್ಟಿರಾಯ್ಡೇಲ್ಸ್ ಎಂಬ ಇನ್ನೊಂದು ಗುಂಪು ಏರಿತ್ತು.

ಹಾಗಾದರೆ ಹುಳು ಇರಲಿ ಬಿಡಿ ಎನ್ನೋಣವೇ?

ಇಲ್ಲಿಗೆ ಬಂದವರು ಹಲವರು ಜಾರುತ್ತಾರೆ. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್, ಒಡಹುಟ್ಟಿದವರು ಹೆಚ್ಚಿದ್ದ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ಗಮನಿಸಿದರು. ಅಲ್ಲಿಂದ ಬೆಳೆದ ವಾದ, ಹುಳುಗಳು ಪ್ರತಿರಕ್ಷೆಯನ್ನು ಪಳಗಿಸುತ್ತವೆ ಎನ್ನುವವರೆಗೆ ಬಂದಿತು. ಹಂದಿಯ ಚಾಟಿಹುಳುವಿನ ಮೊಟ್ಟೆಗಳನ್ನು ಕರುಳಿನ ಉರಿಯೂತದ ರೋಗಿಗಳಿಗೆ ಕುಡಿಸಿ ನೋಡಿದ್ದೂ ಆಯಿತು. 2005ರ ಸುಮಾರಿನ ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿದವು, ಆಮೇಲಿನ ದೊಡ್ಡ ಪ್ರಯೋಗಗಳಲ್ಲಿ ಅದು ಮದ್ದೇ ಇಲ್ಲದ ಹುಸಿಮಾತ್ರೆಗಿಂತ ಮೇಲಾಗಲಿಲ್ಲ. ನಾಲ್ಕಾರು ಹುಳುಗಳ ಒಳಿತನ್ನು ಹೇಳುವ ಪ್ರಬಂಧವನ್ನು ನೂರು ಹುಳುಗಳಿರುವ ಬಸುರಿಯ ಹಿಮೋಗ್ಲೋಬಿನ್ ಮುಂದೆ ಇಟ್ಟು ವಾದಿಸುವುದು ನನಗೆ ಸರಿಕಾಣುವುದಿಲ್ಲ. ಹೊಟ್ಟೆಯಲ್ಲಿ ಎಷ್ಟಿವೆ ಎಂಬ ಪ್ರಶ್ನೆ ಬೇಕಾಗುವುದು ಇಲ್ಲಿಯೇ.

ಔಷಧದ ಕುರಿತು ಎರಡು ಮಾತು

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಿಂದ ನಡೆಯುತ್ತಿದೆ. ಫೆಬ್ರುವರಿ 10, ಎರಡನೆಯ ಸುತ್ತಿಗೆ ಆಗಸ್ಟ್ 10. ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ 1 ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ., ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಮಾತ್ರೆ. ಅದು ಹುಳುವಿನ ಬೀಟಾ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿ, ಕೋಶದೊಳಗಿನ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಗ್ಲೂಕೋಸ್ ಹೀರಲಾಗದೆ ಹುಳು ಸಾಯುತ್ತದೆ. ಒಂದೇ ಮಾತ್ರೆ ದುಂಡುಹುಳುವಿಗೆ ಚೆನ್ನಾಗಿ ನಾಟುತ್ತದೆ, ಚಾಟಿಹುಳುವಿಗೆ ಅಷ್ಟಾಗಿ ಇಲ್ಲ. ರಕ್ತಹೀನತೆ ಇದ್ದವರಿಗೆ ಕಬ್ಬಿಣದ ಮಾತ್ರೆ ಬೇರೆಯೇ ಬೇಕು, ಹುಳು ಹೋದ ಮಾತ್ರಕ್ಕೆ ಕಳೆದ ರಕ್ತ ತಿರುಗಿ ಬರುವುದಿಲ್ಲ.

ಕರುಳಿನ ಏಕಕೋಶ ಪರಾವಲಂಬಿಗಳಾದ ಅಮೀಬಾ, ಜಿಯಾರ್ಡಿಯಾಗಳಿಗೆ ಕೊಡುವ ಮೆಟ್ರೊನಿಡಜೋಲ್ ಕಥೆ ಬೇರೆ. ಆಮ್ಲಜನಕವಿಲ್ಲದೆ ಬದುಕುವ ಜೀವಿಗಳ ಒಳಗೆ ಹೋದಾಗ ಮಾತ್ರ ಅದು ವಿಷವಾಗುತ್ತದೆ. ಆ ಪರಾವಲಂಬಿಗಳೂ ಅಂಥವೇ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವೂ ಅಂಥವೇ. ಆದ್ದರಿಂದ ಪೇಟೆಯ ಅಂಗಡಿಯಲ್ಲಿ ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಚೀಟಿ ಇಲ್ಲದೆ ತಂದು ನುಂಗಿದ ಆ ಮಾತ್ರೆ, ಅಮೀಬಾ ಇದ್ದರೂ ಇಲ್ಲದಿದ್ದರೂ, ಬ್ಯುಟಿರೇಟ್ ಮಾಡುವ ಬಳಗಕ್ಕೂ ಪೆಟ್ಟು ಕೊಡುತ್ತದೆ.