ಟ್ಯಾರೋ ಎಲೆಗಳ ಫ್ರೆಂಚ್ ಹೆಸರುಗಳಲ್ಲಿ ಶ್ಲೇಷ: ಒಂದು ಅಧ್ಯಯನ ಟಿಪ್ಪಣಿ

ಟ್ಯಾರೋ ಎಂದರೆ ಆಟಕ್ಕೂ ಭವಿಷ್ಯ ಹೇಳುವುದಕ್ಕೂ ಬಳಸುವ, ಇಸ್ಪೀಟಿನಂಥ ಎಲೆಗಳ ಕಟ್ಟು. ಫ್ರಾನ್ಸಿನ ಮಾರ್ಸೇ ನಗರದ ಹೆಸರಿನ ಮಾದರಿಯ ಟ್ಯಾರೋ ಕಟ್ಟಿನ 78 ಎಲೆಗಳಲ್ಲಿ 22 ಚಿತ್ರದ ಎಲೆಗಳಿವೆ. ಅವುಗಳ ಹೆಸರುಗಳನ್ನು ಉಚ್ಚಾರದ ಬಲದಿಂದ ಬಿಡಿಸಿ ಗೂಢಾರ್ಥ ಹುಡುಕುವ ವಿಧಾನವನ್ನು ಫ್ರಾನ್ಸಿನ ರಹಸ್ಯವಾದಿಗಳು ‘ಹಕ್ಕಿಗಳ ಭಾಷೆ’ ಎಂದು ಕರೆದರು. ನಮ್ಮ ಅಲಂಕಾರಶಾಸ್ತ್ರದ ಅಭಂಗ (ಪದವನ್ನು ಒಡೆಯದೆಯೇ ಎರಡು ಅರ್ಥ ಕೊಡುವ) ಮತ್ತು ಸಭಂಗ (ಪದವನ್ನು ಬೇರೆ ರೀತಿ ಒಡೆದಾಗ ಇನ್ನೊಂದು ಅರ್ಥ ಕೊಡುವ) ಶ್ಲೇಷಗಳ ವಿಭಾಗವನ್ನು ನೆನಪಿಟ್ಟುಕೊಂಡರೆ ಈ ಹೆಸರುಗಳು ಸುಲಭವಾಗಿ ವಶವಾಗುತ್ತವೆ.

ಅಭಂಗಕ್ಕೆ ಉದಾಹರಣೆ ಸಂಖ್ಯೆ ಇಲ್ಲದ ಎಲೆ ‘ಲ ಮಾತ್’. ಹುಚ್ಚ ಎಂಬರ್ಥದ ಇಟಾಲಿಯನ್ ‘ಮಾತ್ತೊ’ದಿಂದ ಬಂದ ಈ ಪದ, ಚದುರಂಗದಲ್ಲಿ ಅರಸನನ್ನು ಕಟ್ಟಿಹಾಕುವ ‘ಮಾತ್’ನೊಂದಿಗೆ ರೂಪದಲ್ಲಿ ಒಂದೇ ಆಗಿದ್ದರೂ ಮೂಲದಲ್ಲಿ ಬೇರೆ.

ಸಭಂಗವೇ ಕಷ್ಟದ್ದು, ಆದ್ದರಿಂದ ನಿಧಾನವಾಗಿ ನೋಡೋಣ. ಫ್ರೆಂಚಿನಲ್ಲಿ ಸ್ವರದ ಮುಂದೆ ‘ಲ’, ‘ಲಾ’ ಎಂಬ ಉಪಪದಗಳ (ಇಂಗ್ಲಿಷಿನ ‘ದಿ’ಯಂಥವು) ಸ್ವರ ನಮ್ಮ ಲೋಪಸಂಧಿಯಲ್ಲಿರುವಂತೆ ಬಿದ್ದುಹೋಗುವುದರಿಂದ, ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ತಿಳಿಯುವುದಿಲ್ಲ. 17ನೆಯ ಎಲೆ ‘ನಕ್ಷತ್ರ’ವನ್ನು ‘ಲೇತ್ವಾಲ್’ ಎನ್ನುತ್ತಾರೆ. ಅದನ್ನೇ ‘ಲೇ’ ಮತ್ತು ‘ತ್ವಾಲ್’ ಎಂದು ಒಡೆದರೆ ‘ಬಟ್ಟೆಗಳು’ ಎಂದಾಗುತ್ತದೆ. ಬಹುವಚನದ ಕೊನೆಯ ‘ಸ್’ ಉಚ್ಚಾರವಾಗದ ಕಾರಣ ಎರಡಕ್ಕೂ ಧ್ವನಿ ಒಂದೇ. ಇದು ಪೂರ್ಣ ಶ್ಲೇಷ.

ಎಲ್ಲರೂ ಉದಾಹರಿಸುವ 16ನೆಯ ಎಲೆ ‘ಲಾ ಮೆಜ಼ೋಂ ದ್ಯೂ’, ಅಂದರೆ ‘ದೇವರ ಮನೆ’, ಮಾತ್ರ ಹಾಗಲ್ಲ. ಸಿಡಿಲು ಬಡಿದ ಗೋಪುರದಿಂದ ಇಬ್ಬರು ಕೆಳಗೆ ಬೀಳುವ ಚಿತ್ರ ಇದರಲ್ಲಿದೆ. ಹೆಸರನ್ನು ‘ಲಾಮ್ ಎ ಸೋಂ ದ್ಯೂ’ ಎಂದು ಒಡೆದು ‘ಆತ್ಮ ಮತ್ತು ಅದರ ದೇವರು’ ಎಂದು ಓದುತ್ತಾರೆ. ಬಾಯಲ್ಲಿ ಹೇಳಿ ನೋಡಿ: ‘ಮೆಜ಼ೋಂ’ನಲ್ಲಿ ಎರಡು ಸ್ವರಗಳ ನಡುವಿನ ಒಂಟಿ ‘ಸ್’ ‘ಜ಼್’ ಆಗುತ್ತದೆ, ‘ಸೋಂ’ನಲ್ಲಿ ಪದದ ಮೊದಲಿಗಿರುವುದರಿಂದ ‘ಸ್’ ಆಗಿಯೇ ಉಳಿಯುತ್ತದೆ. ಆತ್ಮದ ಓದು ಎಷ್ಟೇ ಸುಂದರವಾಗಿದ್ದರೂ ಇದನ್ನು ಸಮೀಪದ ಧ್ವನಿಸಾಮ್ಯವೆಂದೇ ಬರೆದುಕೊಳ್ಳಬೇಕು. ನಡುವೆ ‘ದ’ ಎಂಬ ಷಷ್ಠಿಸೂಚಕ ಇಲ್ಲದಿರುವುದರಲ್ಲೂ ಗುಟ್ಟೇನಿಲ್ಲ, ಅದು ಹಳೆಯ ಫ್ರೆಂಚಿನ ವ್ಯಾಕರಣ. ಆ ಕಾಲದಲ್ಲಿ ‘ಮೆಜ಼ೋಂ ದ್ಯೂ’ ಎಂದರೆ ರೋಗಿಗಳಿಗೂ ಬಡವರಿಗೂ ಆಶ್ರಯ ಕೊಡುವ ಧರ್ಮಾಸ್ಪತ್ರೆ. ಪ್ಯಾರಿಸ್ಸಿನ ‘ಒತೆಲ್ ದ್ಯೂ’ ಆಸ್ಪತ್ರೆಯ ಹೆಸರಿನಲ್ಲಿ ಅದೇ ರಚನೆ ಇಂದಿಗೂ ಇದೆ. ಆಸ್ಪತ್ರೆಯ ಹೆಸರು ಸಿಡಿಲಿನ ಚಿತ್ರಕ್ಕೆ ಅಂಟಿಕೊಂಡಿರುವುದು ನನಗೆ ಶ್ಲೇಷಕ್ಕಿಂತ ಹೆಚ್ಚು ಕುತೂಹಲದ ಸಂಗತಿ.

9ನೆಯ ಎಲೆ ‘ಲೆರ್ಮಿತ್’, ಅಂದರೆ ಸನ್ಯಾಸಿ. ಇದರ ಬರಹದಲ್ಲಿ ಕಾಣುವ ‘ಹ್’ ಅಕ್ಷರವನ್ನು ಹಿಡಿದು ಗ್ರೀಕರ ಹರ್ಮೀಸ್ ದೇವತೆಯನ್ನು ಕಾಣುವವರಿದ್ದಾರೆ; ಆ ಕಾಲದಲ್ಲಿ ಅದು ಸಾಮಾನ್ಯ ಕಾಗುಣಿತವಾಗಿತ್ತು.

13ನೆಯ ಎಲೆಗೆ, ಮಾರ್ಸೇಯ ಎಲೆ ತಯಾರಕ ನಿಕೊಲಾ ಕೊನ್ವೇರನ 1760ರ ಕಟ್ಟಿನಲ್ಲಿ ಹೆಸರೇ ಇಲ್ಲ. ಅದಕ್ಕೂ ಹಿಂದೆ, 17ನೆಯ ಶತಮಾನದ ನಡುಭಾಗದಲ್ಲಿ ಪ್ಯಾರಿಸ್ಸಿನ ಎಲೆ ತಯಾರಕ ಜ಼ಾಂ ನೊಬ್ಲೆ ಅದೇ ಎಲೆಯ ಮೇಲೆ ‘ಲಾ ಮೋರ್’, ಮರಣ, ಎಂದು ಅಚ್ಚು ಹಾಕಿದ್ದ. ಆದ್ದರಿಂದ ‘ಲಾಮೋರ್’ ಎಂದು ಕೂಡಿಸಿ ಪ್ರೇಮದ ಹಳೆಯ ಪದವನ್ನು ಕೇಳಿಸಿಕೊಳ್ಳುವವರು, ತಾವು ಓದುತ್ತಿರುವುದು ಯಾವ ಕಟ್ಟು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.